ನಿವೃತ್ತಿಯಾದ ಮೇಲೂ ಒಂಬತ್ತೂವರೆಗೆ ಅಂಗಿ ಹುಡುಕುವ ಮಾಸ್ತರಿಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. 34 ವರ್ಷ ಸೇವೆ, ಕೊನೆಯ ಆರು ವರ್ಷ ಮುಖ್ಯೋಪಾಧ್ಯಾಯ. ಕಳೆದ ವರ್ಷ ಮೇ 31ಕ್ಕೆ ನಿವೃತ್ತಿಯಾಯಿತು. ಮೊದಲ ಮೂರು ತಿಂಗಳು ಧರ್ಮಸ್ಥಳ, ಶ್ರೀಶೈಲ, ಮಗನ ಮನೆ ಎಂದು ಓಡಾಡಿದೆ. ಈಗ ಬೆಳಿಗ್ಗೆ ಒಂಬತ್ತೂವರೆಯಾದರೆ ಕೈ ತಾನಾಗಿಯೇ ಇಸ್ತ್ರಿ ಅಂಗಿ ಹುಡುಕುತ್ತದೆ. ನಾಲ್ಕೈದು ಸಲ ನನ್ನ ಹಳೆಯ ಶಾಲೆಗೇ ಹೋಗಿ, ಸಂಬಳ ಬೇಡ, ಪಾಠ ಮಾಡಿಕೊಡುತ್ತೇನೆ ಎಂದೆ. ಕೂರಿಸಿ ಚಹಾ ಕೊಟ್ಟರು. ಆಮೇಲೆ, "ಸರ್, ನೀವ್ಯಾಕ ತ್ರಾಸ ತಗೋತೀರಿ, ಆರಾಮ ಇರ್ರಿ" ಅಂದರು. ಮನೆಯಲ್ಲಿ ನನ್ನ ಹೆಂಡತಿ "ನನ್ನ ಹಾಜರಿ ತಗೊಳ್ಳೋದು ಬಿಡ್ರಿ" ಅನ್ನುತ್ತಾಳೆ. ಊರಿನ ಕೆಲವರು ಟ್ರಸ್ಟ್ ಮಾಡೋಣ, ನೀವೇ ಅಧ್ಯಕ್ಷರಾಗಿ ಎನ್ನುತ್ತಿದ್ದಾರೆ. ಸಮಾಜಕ್ಕೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾಸ್ತರರೇ, ಮೊದಲು ಆ ಚಹಾದ ಮಾತು ಮುಗಿಸಿಬಿಡೋಣ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕಂಡದ್ದು ಅಲ್ಲೇ.

ಆ ಶಾಲೆಯವರದು ತಪ್ಪಿಲ್ಲ. ಈಗ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತವರು ಮೊನ್ನೆಮೊನ್ನೆಯವರೆಗೆ ನಿಮ್ಮ ಮುಂದೆ ರಜೆ ಚೀಟಿ ಹಿಡಿದು ನಿಂತವರು ಇರಬೇಕು. ನೀವು ಗೇಟಿನಲ್ಲಿ ಕಂಡ ಕೂಡಲೇ ಏಳಬೇಕೋ, ಕೂತೇ ಇರಬೇಕೋ ಅವರಿಗೆ ತಿಳಿಯುವುದಿಲ್ಲ. ಬಿಸಿಯೂಟದ ಅಕ್ಕ ಬಂದು, ಬೇಳೆ ಎಷ್ಟು ಹಾಕಲಿ ಎಂದು ರೂಢಿಯ ಮೇಲೆ ನಿಮ್ಮನ್ನೇ ಕೇಳುತ್ತಾಳೆ. ಸೊಸೆ ಒಲೆ ಹೊತ್ತಿಸಿದ ಮೇಲೆ ಅತ್ತೆ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರೆ, ಅತ್ತೆ ತುಟಿ ಬಿಚ್ಚದಿದ್ದರೂ ಸಾರು ಕೆಡುತ್ತದೆ. ಇನ್ನೂ ಒಂದು ವರ್ಷ ಆ ಶಾಲೆಯ ಗೇಟು ದಾಟಬೇಡಿ. ಆಗಸ್ಟ್ 15ಕ್ಕೆ ಕರೆದರೆ ಹೋಗಿ, ಧ್ವಜವಂದನೆ ಮಾಡಿ, ಲಾಡು ತಿಂದು ಬನ್ನಿ.

ನಾನೇನೂ ದೂರ ನಿಂತು ಹೇಳುತ್ತಿಲ್ಲ. ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ವರ್ಷಗಟ್ಟಲೆ ಶಿಕ್ಷಕರಿಗೆ ತರಬೇತಿ ಕೊಟ್ಟು ನಿವೃತ್ತಳಾದ ಮರುತಿಂಗಳೇ ಒಂದು ಶಾಲೆಗೆ ಹೋಗಿ, "ಒಂದು ಪಾಠ ಮಾಡಿ ತೋರಿಸ್ತೀನಿ" ಎಂದಿದ್ದೆ. ಇಬ್ಬರು ಶಿಕ್ಷಕಿಯರು ಹಿಂದಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡರು. ಮಕ್ಕಳು ಕೈ ಕಟ್ಟಿ ಕೂತರು. ತಪಾಸಣೆಗೆ ಬಂದಿದ್ದಾರೆ ಅಂತಲೇ ಎಲ್ಲರ ಭಾವನೆ. ಹೊರಡುವಾಗ ಒಬ್ಬಾಕೆ ಸಂದರ್ಶಕರ ಪುಸ್ತಕ ತಂದು ಮುಂದಿಟ್ಟರು. ನಾನು ಹಿಂದೆ ಮುಂದೆ ನೋಡದೆ ಷರಾ ಬರೆದು ಸಹಿ ಹಾಕಿದೆ. ಬಸ್ಸಿನಲ್ಲಿ ಕೂತ ಮೇಲೆ ಮುಖ ಬಿಸಿಯಾಯಿತು. ಸೇವೆ ಮಾಡಲು ಹೋಗಿ ಷರಾ ಬರೆದು ಬಂದಿದ್ದೆ.

ನಿಮಗಾಗಿರುವುದು ಹೊಸ ಕಾಯಿಲೆಯಲ್ಲ. ರಾಬರ್ಟ್ ಆಚ್ಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲೇ ನಿವೃತ್ತಿಯ ಹಂತಗಳನ್ನು ಗುರುತಿಸಿದ್ದ: ಮೊದಲು ಮಧುಚಂದ್ರ, ಆಮೇಲೆ ಭ್ರಮನಿರಸನ, ಆನಂತರ ಬದುಕನ್ನು ಮತ್ತೆ ಜೋಡಿಸಿಕೊಳ್ಳುವುದು. ನಿಮ್ಮ ಧರ್ಮಸ್ಥಳ, ಶ್ರೀಶೈಲವೇ ಆ ಮಧುಚಂದ್ರ. ನಮ್ಮ ಶಿಕ್ಷಕರಿಗೆ ಇದರ ಜೊತೆ ಇನ್ನೊಂದು ಗಂಟು ಇದೆ. ನಿವೃತ್ತಿಯ ದಿನ ಮೇ 31 ಎಂದಿರಿ. ಹಾಗಾದರೆ ದಾಖಲೆಯಲ್ಲಿ ನಿಮ್ಮ ಹುಟ್ಟುಹಬ್ಬ ಬಹುಶಃ ಜೂನ್ 1. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರಲ್ಲ. ಒಂದನೇ ತರಗತಿಗೆ ಸೇರಿಸುವಾಗ ಅವ್ವನಿಗೆ ತಾರೀಕು ನೆನಪಿರಲಿಲ್ಲ, "ಕಾರಹುಣ್ಣಿಮಿ ಮುಂದ ಹುಟ್ಟ್ಯಾನ್ರಿ" ಅಂದಿರಬೇಕು, ಆಗಿನ ಮಾಸ್ತರು ಜೂನ್ 1 ಎಂದು ಬರೆದುಕೊಂಡಿರಬೇಕು. ನಮ್ಮ ತಲೆಮಾರಿನ ಅರ್ಧಕ್ಕರ್ಧ ಹಳ್ಳಿ ಜನರದು ಇದೇ ಕಥೆ. ಬದುಕಿನ ಎರಡೂ ತುದಿಯನ್ನು ಶಾಲೆಯ ರಿಜಿಸ್ಟರೇ ಕಟ್ಟಿಹಾಕಿದ ಮೇಲೆ, ಗಂಟೆ ಹೊಡೆಯುವುದು ನಿಂತ ದಿನ ಕೈಕಾಲು ಆಡದಿರುವುದು ಸಹಜ.

ಆದರೆ ನಿಮಗೆ ನಿಜವಾಗಿ ತಪ್ಪಿಹೋಗಿರುವುದು ಪಾಠವೂ ಅಲ್ಲ, ಕುರ್ಚಿಯೂ ಅಲ್ಲ. ನೀವು ಬರುವುದನ್ನು ಯಾರೋ ಕಾಯುತ್ತಿದ್ದರು; ಒಂದು ದಿನ ಬರದಿದ್ದರೆ "ಸರ್ ಯಾಕ ಬಂದಿಲ್ಲ?" ಎಂದು ಒಬ್ಬ ಹುಡುಗನಾದರೂ ಕೇಳುತ್ತಿದ್ದ. ಈಗ ಕೇಳುವವರಿಲ್ಲ. ಹಾಗಾಗಿ ಏನೇ ಕೆಲಸ ಆರಿಸಿಕೊಂಡರೂ ಎರಡು ವಿಷಯ ನೋಡಿಕೊಳ್ಳಿ. ನೀವು ಬರದಿದ್ದರೆ ಅದು ಯಾರಿಗಾದರೂ ಗೊತ್ತಾಗಬೇಕು. ಅಲ್ಲಿ ನೀವು ಯಜಮಾನರಾಗಿರಬಾರದು. ಎರಡನೆಯದೇ ಕಷ್ಟ, ಅದರಲ್ಲೂ ಮುಖ್ಯೋಪಾಧ್ಯಾಯರಾಗಿದ್ದವರಿಗೆ.

ನಾನು ಸೂಚಿಸುವ ಜಾಗ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಈಗ ಅದಕ್ಕೆ ಅರಿವು ಕೇಂದ್ರ ಎಂಬ ಹೆಸರಿದೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಮಕ್ಕಳನ್ನು ಪುಸ್ತಕದ ಹತ್ತಿರ ತರಲು 'ಓದುವ ಬೆಳಕು' ಶುರುವಾಯಿತು. ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ಕಡೆ ಈಗ ಬಣ್ಣ ಹೊಡೆದ ಕೋಣೆ, ಮಕ್ಕಳ ಪುಸ್ತಕ, ಕೆಲವೆಡೆ ಕಂಪ್ಯೂಟರೂ ಇವೆ. ಒಬ್ಬ ಮೇಲ್ವಿಚಾರಕರೋ ಮೇಲ್ವಿಚಾರಕಿಯೋ ಇರುತ್ತಾರೆ. ಅವರು ಬಾಗಿಲು ತೆಗೆಯಬೇಕು, ಪೇಪರ್ ಜೋಡಿಸಬೇಕು, ರಿಜಿಸ್ಟರ್ ಬರೆಯಬೇಕು, ಪಂಚಾಯಿತಿಯವರು ಕರೆದಾಗ ಓಡಬೇಕು. ಒಂದು ಮಗುವಿನ ಪಕ್ಕ ಅರ್ಧ ಗಂಟೆ ಕೂತು ಅದು ಓದುವುದನ್ನು ಕೇಳಲು ಅವರಿಗೆ ಪುರುಸೊತ್ತಿಲ್ಲ. ಆ ಕೆಲಸಕ್ಕೆ ಯಾವ ಇಲಾಖೆಯೂ ಯಾರನ್ನೂ ನೇಮಿಸಿಲ್ಲ. ಅಲ್ಲಿ ನೀವು ಯಾರ ಕುರ್ಚಿಯನ್ನೂ ಕಿತ್ತುಕೊಂಡಂತಾಗುವುದಿಲ್ಲ.

ಓದುವುದನ್ನು ಕೇಳುವುದು ಅಂದೆ. ಇದು ಸುಲಭದ ಕೆಲಸದಂತೆ ಕಾಣುತ್ತದೆ, ಆದರೆ 34 ವರ್ಷ ಮಕ್ಕಳ ನಡುವೆ ಇದ್ದವರಿಗೇ ಇದು ಬರುವುದು. ನನ್ನ ಊರಿನ ಅರಿವು ಕೇಂದ್ರದಲ್ಲಿ ಐದನೇ ತರಗತಿಯ ಹುಡುಗನೊಬ್ಬ ಕನ್ನಡ ಪುಸ್ತಕ ತೆರೆದು ಸರಾಗವಾಗಿ ಓದಿದ. ಪಕ್ಕದಲ್ಲಿದ್ದ ಅವನ ಚಿಕ್ಕಪ್ಪನಿಗೆ ಹೆಮ್ಮೆ. ನನ್ನ ಕಣ್ಣು ಹುಡುಗನ ಬೆರಳಿನ ಮೇಲಿತ್ತು. ಬಾಯಿ ನಾಲ್ಕನೇ ಸಾಲಿನಲ್ಲಿತ್ತು, ಬೆರಳು ಇನ್ನೂ ಎರಡನೆಯದರಲ್ಲಿ. ಪೂರ್ತಿ ಬಾಯಿಪಾಠ! ಮಿಕ್ಕಿದ್ದನ್ನು ಅಂಗೈಯಿಂದ ಮುಚ್ಚಿ 'ಹಕ್ಕಿ' ಎಂಬ ಒಂದೇ ಪದ ತೋರಿಸಿದೆ. "ಹ... ಕಿ... ಹಕಿ?" ಎಂದು ನನ್ನ ಮುಖ ನೋಡಿದ. ಅಕ್ಷರ ಗೊತ್ತು, ಕಾಗುಣಿತ ಗೊತ್ತು, ಒತ್ತು ಬಂದಲ್ಲಿ ದಾರಿ ಕಡಿದುಹೋಗಿದೆ. ಮೂರನೇ ತರಗತಿಯಿಂದ ಅವನು ಅಲ್ಲೇ ನಿಂತಿದ್ದ, ತರಗತಿಗಳು ಮಾತ್ರ ಮುಂದೆ ಹೋಗಿದ್ದವು. ನಲವತ್ತು ಮಕ್ಕಳ ಸಾಮೂಹಿಕ ಓದಿನಲ್ಲಿ ಒಂದು ಬೆರಳು ಎಲ್ಲಿದೆ ಎಂದು ಯಾರಿಗೆ ಕಾಣುತ್ತದೆ?

ಮರುದಿನ ಪುಸ್ತಕ ಬದಿಗಿಟ್ಟು, "ನಿನ್ನೆ ಮನ್ಯಾಗ ಏನಾತು ಹೇಳಪಾ" ಎಂದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ, ಒಂದಕ್ಷರ ತಿದ್ದದೆ, ದೊಡ್ಡದಾಗಿ ಬರೆದೆ: "ನಮ್ಮಪ್ಪ ಬ್ಯಾಡಗಿ ಮಾರ್ಕೆಟಿಗೆ ಮೆಣಸಿನಕಾಯಿ ಒಯ್ದಿದ್ದ. ರೇಟ ಬಿದ್ದಿತ್ತಂತ. ಜಿಲೇಬಿ ತಂದಿಲ್ಲ." ಆ ಮೂರು ಸಾಲನ್ನು ಅವನು ಆರು ಸಲ ಓದಿದ, ಪ್ರತಿ ಸಲವೂ 'ಜಿಲೇಬಿ'ಗೆ ನಕ್ಕ. ನಿಮಗೆ ಗೊತ್ತಿದೆ, ಅರ್ಕಾವತ್ತು ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ: ಬಾಯಿ ಮೊದಲು 'ರ್' ಅನ್ನುತ್ತದೆ, ಕಣ್ಣಿಗೆ ಅದು ಮುಂದಿನ ಅಕ್ಷರ ದಾಟಿದ ಮೇಲೆ ಸಿಗುತ್ತದೆ. ಪಾಠದ 'ಸೂರ್ಯ'ನಲ್ಲಿ ಎಷ್ಟೋ ದಿನ ಎಡವಿದವನು ಅಪ್ಪನ 'ಮಾರ್ಕೆಟ್'ನಲ್ಲಿ ಎಡವಲಿಲ್ಲ. ಆ ಪದ ಏನೆಂದು ಅವನಿಗೆ ಮೊದಲೇ ಗೊತ್ತಿತ್ತು, ಕಣ್ಣು ಆಮೇಲೆ ಹಾದಿ ಹುಡುಕಿಕೊಂಡಿತು.

ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯಲು ದೊಡ್ಡ ಪರೀಕ್ಷೆ ಬೇಕಿಲ್ಲ. 2005ರಿಂದ ನಡೆಯುತ್ತಿರುವ ಹಳ್ಳಿ ಮಕ್ಕಳ ಕಲಿಕೆಯ 'ಅಸರ್' ಸಮೀಕ್ಷೆಯವರು ಮನೆಮನೆಗೆ ಹೋಗಿ ಓದು ನೋಡಲು ಮಾಡುವುದು ಇಷ್ಟೇ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮಗು ಎಲ್ಲಿ ತಡವರಿಸುತ್ತದೋ ಅದೇ ಅದರ ಮೆಟ್ಟಿಲು. ಅದು ಯಾವ ತರಗತಿ ಎಂದು ಮರೆತುಬಿಡಿ. ಐದರಿಂದ ಎಂಟು ಮಕ್ಕಳು ಸಾಕು, ವಾರಕ್ಕೆ ನಾಲ್ಕು ದಿನ, ಒಂದೊಂದು ಗಂಟೆ. ಹೆಚ್ಚು ಮಕ್ಕಳನ್ನು ತೆಗೆದುಕೊಂಡರೆ ಅದು ಮತ್ತೆ ಶಾಲೆಯೇ ಆಗುತ್ತದೆ, ನೀವು ಮತ್ತೆ ಬೋರ್ಡಿನ ಮುಂದೆ ನಿಲ್ಲುತ್ತೀರಿ. ಕೂತೇ ಕಲಿಸಿ. ಮೊಣಕಾಲಿಗೂ ಒಳ್ಳೆಯದು.

ಇನ್ನೊಂದು ಕೆಲಸವಿದೆ, ಹೆಸರು ತರುವಂಥದ್ದಲ್ಲ, ಆದರೆ ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಯದ್ದು. ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆಯಲ್ಲ. ಕೇಂದ್ರ ಸರ್ಕಾರ 2008ರಲ್ಲಿ ತಂದ ವಿದ್ಯಾರ್ಥಿವೇತನ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು, ಏಳನೇ ತರಗತಿಯಲ್ಲಿ ಶೇ 55 ಅಂಕ ಬಂದಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 50. ಬೌದ್ಧಿಕ ಸಾಮರ್ಥ್ಯದ್ದು ಒಂದು ಪತ್ರಿಕೆ, ಪಠ್ಯ ವಿಷಯಗಳದ್ದು ಇನ್ನೊಂದು, ತಲಾ 90 ಪ್ರಶ್ನೆ, ತಲಾ 90 ನಿಮಿಷ. ನಮ್ಮ ಮಕ್ಕಳಿಗೆ ಪ್ರಶ್ನೆ ಕಷ್ಟವಲ್ಲ. ನಿಮಿಷಕ್ಕೊಂದು ಪ್ರಶ್ನೆ ಎಂಬ ಓಟ ಹೊಸದು. ಒಂದು ಗಡಿಯಾರ, ಹಳೆಯ ಪ್ರಶ್ನೆಪತ್ರಿಕೆ, ಭಾನುವಾರದ ಎರಡು ತಾಸು ಇದ್ದರೆ ಅಭ್ಯಾಸ ಮಾಡಿಸಬಹುದು.

ಆದರೆ ನಿಜವಾದ ಸೋರಿಕೆ ಇರುವುದು ಪರೀಕ್ಷೆ ಪಾಸಾದ ಮೇಲೆ. ಶಾಲೆಯ ದಾಖಲೆಯಲ್ಲಿ 'ಮಂಜುನಾಥ', ಆಧಾರ್‌ನಲ್ಲಿ 'ಮಂಜುನಾಥ ಹನುಮಂತಪ್ಪ', ಪಾಸ್‌ಬುಕ್ಕಿನಲ್ಲಿ 'ಮಂಜು ಎಚ್'. ಮೂವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹಣ ನೇರ ಬ್ಯಾಂಕ್ ಖಾತೆಗೆ ಬರುವುದರಿಂದ ಇಲ್ಲೇ ಸಿಕ್ಕಿಬೀಳುತ್ತದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ನವೀಕರಣ ಮಾಡಬೇಕು. ಹುಡುಗ ಪ್ರೌಢಶಾಲೆ ಬಿಟ್ಟು ಪಿಯು ಕಾಲೇಜಿಗೆ ಹೋದ ವರ್ಷ ಇದು ಯಾರ ಕೆಲಸ ಎಂದೇ ಯಾರಿಗೂ ಗೊತ್ತಿರುವುದಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಅಪ್ಪ ನಾಡಕಚೇರಿಗೆ ಒಂದು ದಿನದ ಕೂಲಿ ಬಿಟ್ಟು ಹೋಗಿ, ಸರ್ವರ್ ಇಲ್ಲ ಎಂದು ವಾಪಸ್ ಬಂದು, ಮತ್ತೆ ಹೋಗುವುದಿಲ್ಲ. ಈ ಕಾಗದಪತ್ರ ನಿಮಗೆ ಅಂಗೈ ಗೆರೆಯಷ್ಟು ಪರಿಚಿತ. ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿನ ಗುರುತು ಸಂಖ್ಯೆ) ಎಲ್ಲಿ ಸಿಗುತ್ತದೆ, ಹೆಸರು ತಿದ್ದಲು ಯಾವ ಅರ್ಜಿ, ಯಾವ ಮೇಜಿಗೆ ಹೋಗಬೇಕು, ಯಾರ ಹತ್ತಿರ ಏನು ಮಾತಾಡಿದರೆ ಕೆಲಸವಾಗುತ್ತದೆ, ಇದೆಲ್ಲ ಗೊತ್ತಿರುವ ಮನುಷ್ಯ ಊರಿಗೊಬ್ಬ ಸಿಗುವುದು ಕಷ್ಟ. ಒಂದು ನೂರು ಪುಟದ ನೋಟ್‌ಬುಕ್ ಇಡಿ, ಮಗುವಿಗೊಂದು ಪುಟ. ಯಾವ ಕಾಗದ ಆಗಿದೆ, ಯಾವುದು ಬಾಕಿ, ಯಾವ ತಿಂಗಳು ನವೀಕರಣ, ಅಷ್ಟು ಬರೆದಿಟ್ಟರೆ ಸಾಕು. ಪಾಸ್‌ವರ್ಡು, ಒಟಿಪಿ, ಎಟಿಎಂ ಕಾರ್ಡು ಮಾತ್ರ ನಿಮ್ಮ ಕೈಗೆ ಬರಬಾರದು. ಅಪ್ಪ ಅಮ್ಮನೇ ನಿಮ್ಮ ಪಕ್ಕ ಕೂತು ಹಾಕಲಿ. ನಾಳೆ ಹಣ ಬರದಿದ್ದರೆ ಅನುಮಾನ ಮೊದಲು ಬರುವುದು ಒಳ್ಳೆಯವರ ಮೇಲೇ.

ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸವೂ ಇದೆ. 15 ವರ್ಷ ಮೀರಿದ ಅನಕ್ಷರಸ್ಥರಿಗೆ ಸ್ವಯಂಸೇವಕರ ಮೂಲಕ ಕಲಿಸುವ 'ಉಲ್ಲಾಸ್' ಕಾರ್ಯಕ್ರಮ 2022ರಿಂದ ನಡೆದಿದೆ. ಪಂಚಾಯಿತಿಯಲ್ಲೋ ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಯಲ್ಲೋ ವಿಚಾರಿಸಿ. ಆದರೆ ಇದನ್ನು ನಿಮಗಿಂತ ನಿಮ್ಮ ಮನೆಯವರು ಚೆನ್ನಾಗಿ ಮಾಡಿಯಾರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಸರಿ; ಬೋರ್ಡು ಓದಲು ಮಾತ್ರ ಇನ್ನೊಬ್ಬರ ಮುಖ ನೋಡಬೇಕು. ಸಂಘದ ಸಭೆಯಲ್ಲಿ ಹೆಬ್ಬೆಟ್ಟು ಒತ್ತುವ ಹೆಂಗಸು ಗಂಡು ಮಾಸ್ತರ ಮುಂದೆ ಸ್ಲೇಟು ಹಿಡಿಯಲು ನಾಚುತ್ತಾಳೆ. ನಿಮ್ಮ ಹೆಂಡತಿಯವರ ಪಕ್ಕದಲ್ಲಾದರೆ 'ಹಾನಗಲ್', 'ಸವಣೂರು', 'ಹುಬ್ಬಳ್ಳಿ' ಎಂದು ಮೂರು ಬೋರ್ಡು ಕಲಿತು, ನಾಲ್ಕನೆಯದನ್ನು ತಾನೇ ಕೇಳುತ್ತಾಳೆ.

ಅವರ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. "ಹಾಜರಿ ತಗೊಳ್ಳೋದು ಬಿಡ್ರಿ" ಎಂದಿದ್ದಾರೆ. ಪುಣ್ಯವಂತೆ, ನಗುತ್ತಾ ಹೇಳಿದ್ದಾರೆ. ಅವರಿಗೆ ಮೇ 31 ಎಂಬುದೇ ಇಲ್ಲ. 34 ವರ್ಷ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ ಆ ಮನೆ ಅವರದಾಗಿತ್ತು; ಈಗ ಒಬ್ಬ ಮುಖ್ಯೋಪಾಧ್ಯಾಯರು ವರ್ಗವಾಗಿ ಅಲ್ಲಿಗೆ ಬಂದಿದ್ದಾರೆ. ಸೇವೆಗೆಂದು ಹೊರಡುವ ಮುನ್ನ ಮನೆಯ ಒಂದು ಕೆಲಸವನ್ನು, ಸಂತೆಯೋ, ನೀರು ತುಂಬುವುದೋ, ಪೂರ್ತಿ ನಿಮ್ಮ ಹೆಸರಿಗೆ ಬರೆದುಕೊಳ್ಳಿ. ಮೇಲುಸ್ತುವಾರಿ ಅಲ್ಲ, ಕೆಲಸ.

ಟ್ರಸ್ಟ್ ಬೇಡ. ಈಗಂತೂ ಬೇಡವೇ ಬೇಡ. ನೋಂದಣಿ, ಪ್ಯಾನ್, ಲೆಕ್ಕಪರಿಶೋಧನೆ, ಸಭೆ, ನಡಾವಳಿ, ಆಮೇಲೆ ಯಾರ ಫೋಟೊ ಬ್ಯಾನರಿನಲ್ಲಿ ದೊಡ್ಡದಾಗಿರಬೇಕು ಎಂಬ ಜಗಳ. ಮಕ್ಕಳು ಎಲ್ಲೋ ಉಳಿಯುತ್ತಾರೆ. ನಿಮ್ಮನ್ನು ಅಧ್ಯಕ್ಷರಾಗಿ ಎನ್ನುವವರಲ್ಲಿ ಒಬ್ಬರಿಗಾದರೂ ನಿಮ್ಮ ಗ್ರಾಚ್ಯುಟಿ ಬಂದ ಸುದ್ದಿ ತಿಳಿದಿರುತ್ತದೆ. ಆ ಹಣ ನಿಮ್ಮಿಬ್ಬರ ಮುಪ್ಪಿನದು. ತಿಂಗಳ ಪಿಂಚಣಿಯಲ್ಲಿ ಇಷ್ಟು ಎಂದು ಒಂದು ಸಣ್ಣ ಮೊತ್ತ ಗೊತ್ತುಮಾಡಿಕೊಂಡು ಪೆನ್ಸಿಲ್, ಪುಸ್ತಕ ತನ್ನಿ, ಅದರ ಮೇಲೆ ಹೋಗಬೇಡಿ. ಶಾಲೆಗೆ ಏನಾದರೂ ಕೊಡುವುದಿದ್ದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಮೂಲಕ, ರಸೀದಿ ಪಡೆದು.

ಮುಂದೆ ಯಾವಾಗಲಾದರೂ ಬೇರೊಂದು ಶಾಲೆಯೊಳಗೇ ಕೆಲಸ ಮಾಡುವ ಮನಸ್ಸಾದರೆ, ಕೇಂದ್ರದ 'ವಿದ್ಯಾಂಜಲಿ' ಪೋರ್ಟಲ್‌ನಲ್ಲಿ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಬಹುದು; ಶಾಲೆಯವರೇ ತಮಗೆ ಬೇಕಾದ್ದನ್ನು ಅದರಲ್ಲಿ ಹಾಕಿರುತ್ತಾರೆ. ಕರೆಯದೇ ಹೋಗುವುದಕ್ಕೂ ಕರೆಸಿಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸ. ಒಂದು ಎಚ್ಚರ: ಖಾಲಿ ಹುದ್ದೆಯ ಜಾಗದಲ್ಲಿ ಪೂರ್ಣಾವಧಿ ಪಾಠಕ್ಕೆ ಒಪ್ಪಬೇಡಿ. ಅಲ್ಲಿ ಬಿ.ಇಡಿ ಮುಗಿಸಿದ ಒಬ್ಬ ಹುಡುಗಿ ಅತಿಥಿ ಶಿಕ್ಷಕಿಯಾಗಿ ಗೌರವಧನಕ್ಕೆ ಕಾಯುತ್ತಿರುತ್ತಾಳೆ. ಪಿಂಚಣಿ ಇರುವವರು ಪುಕ್ಕಟೆ ದುಡಿದು ಅವಳ ಹೊಟ್ಟೆಯ ಮೇಲೆ ಹೊಡೆಯಬಾರದು.

ಛಡಿಯ ಮಾತು ಆಡಲೇಬೇಕು. ನಮ್ಮ ಕಾಲದ ಒಳ್ಳೊಳ್ಳೆಯ ಮಾಸ್ತರರ ಕೈಯಲ್ಲೂ ಅದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ನೋವುಮಾಡುವುದನ್ನೂ ನಿಷೇಧಿಸಿತು, ನಿಮಗದು ಗೊತ್ತು. ಗ್ರಂಥಾಲಯದಲ್ಲಿ ಕಿವಿ ಹಿಂಡುವುದೂ ಬೇಡ, "ನಿಮ್ಮಣ್ಣ ಎಷ್ಟು ಶಾಣ್ಯಾ ಇದ್ದ" ಎನ್ನುವುದೂ ಬೇಡ. ಮಗು ಅಲ್ಲಿಗೆ ತನ್ನಿಷ್ಟದಿಂದ ಬರುತ್ತದೆ, ಮರುದಿನ ಬರದಿದ್ದರೆ ನೀವು ಹಾಜರಿ ಹಾಕುವಂತಿಲ್ಲ. ಹಾಗೆಯೇ, ಒಂಟಿ ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ, ಮನೆಗೆ ಕರೆದು ಪಾಠ ಹೇಳಬೇಡಿ. ಬಾಗಿಲು ತೆರೆದ ಕೋಣೆ, ಜಗಲಿ, ಮೇಲ್ವಿಚಾರಕರ ಕಣ್ಣಳತೆ. ಬೇಸರ ಮಾಡಿಕೊಳ್ಳಬೇಡಿ, ಇದು ನಿಮ್ಮ ಮೇಲಿನ ಅನುಮಾನವಲ್ಲ. ಯಾವ ಮಗುವಾದರೂ ಮನೆಯ ಕಷ್ಟ, ಹಿಂಸೆ, ಬಾಲ್ಯವಿವಾಹದ ಮಾತು ತೆಗೆದರೆ 1098ಕ್ಕೆ ಫೋನ್ ಮಾಡಿ. ಪಂಚಾಯ್ತಿ ಕೂಡಿಸಿ ನೀವೇ ಬಗೆಹರಿಸಲು ಹೋಗಬೇಡಿ.

ಶುರುಮಾಡುವ ಮುನ್ನ ಕಣ್ಣು, ಕಿವಿ ಎರಡೂ ತೋರಿಸಿಕೊಳ್ಳಿ. ಪೊರೆ ಬಂದ ಕಣ್ಣಿಗೆ ಮಗುವಿನ ಬೆರಳು ಯಾವ ಸಾಲಿನಲ್ಲಿದೆ ಕಾಣುವುದಿಲ್ಲ. 'ತ'ವೋ 'ಥ'ವೋ ಕೇಳದ ಕಿವಿ ತಪ್ಪನ್ನು ದಾಟಿಸಿಬಿಡುತ್ತದೆ. ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನೂ ಕೇಳುತ್ತೇನೆ. ನಿದ್ದೆ ಹೇಗಿದೆ? ಊಟ ಸೇರುತ್ತದೆಯೆ? ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಇದ್ದೇನು ಪ್ರಯೋಜನ ಎನ್ನಿಸುತ್ತಿದ್ದರೆ ಸಮಾಜಸೇವೆ ಅದಕ್ಕೆ ಮದ್ದಲ್ಲ, ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ನಿಮ್ಮ ಜಿಲ್ಲೆಯವರೇ ಆದ ಶಿಶುನಾಳ ಶರೀಫರೂ ಆ ಕಾಲದ ಮುಲ್ಕಿ ಎಂಬ ಶಾಲಾ ಪರೀಕ್ಷೆ ಪಾಸುಮಾಡಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು, ಆಮೇಲೆ ನೌಕರಿ ಬಿಟ್ಟರು. ಅವರು ಪಿಂಚಣಿ ಬಿಟ್ಟು ಹೋದ ಮನುಷ್ಯ, ನೀವು ಪಿಂಚಣಿ ಇಟ್ಟುಕೊಂಡೇ ಹೋಗಬಹುದು. ಅಷ್ಟು ನಿಮಗೆ ಅನುಕೂಲ.

ಬರುವ ಸೋಮವಾರ ಹೀಗೆ ಮಾಡಿ. ಒಂಬತ್ತೂವರೆಗೆ ಹೋಗಬೇಡಿ, ಆಗ ಮಕ್ಕಳು ಶಾಲೆಯಲ್ಲಿರುತ್ತಾರೆ. ಶಾಲೆ ಬಿಟ್ಟ ಮೇಲೆ, ಐದರ ಸುಮಾರಿಗೆ ಹೋಗಿ. ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಮೊದಲೇ ಕೇಳಿಕೊಂಡಿರಿ. ಇಸ್ತ್ರಿ ಅಂಗಿ ಬೇಡ. ಮೇಲ್ವಿಚಾರಕಿ ನಿಮ್ಮ ಹಳೆಯ ವಿದ್ಯಾರ್ಥಿನಿಯೇ ಇರಬಹುದು, ಎದ್ದು ನಿಂತು ಕುರ್ಚಿ ಕೊಡುತ್ತಾಳೆ. ಕೂರಬೇಡಿ. "ಯವ್ವಾ, ಇಲ್ಲಿ ಓದಾಕ ಬರ್ದ ಹುಡುಗ್ರು ಯಾರದಾರ?" ಎಂದು ಕೇಳಿ, ಅವಳು ತೋರಿಸಿದ ಮಗುವಿನ ಪಕ್ಕ ಚಾಪೆಯ ಮೇಲೆ ಕೂತುಕೊಳ್ಳಿ.